ಪ್ರೀತಿಯಿಲ್ಲದ ಆರು ಪದಗಳು

ಕಿಟಕಿ ಒಡೆದು ಲ್ಯಾಪ್‌ಟಾಪ್ ಕದ್ದದ್ದು ಮಂಗಳವಾರ ರಾತ್ರಿ.
ಬುಧವಾರ ತ್ಸಿಯಾಲಾ ನನ್ನ ರಿಪೇರಿ ಅಂಗಡಿಗೆ ಬಂದಳು,
ಕುತಾಯಿಸಿಯ ಬಿಳಿ ಸೇತುವೆಯ ಪಕ್ಕ,
ಒಳಗೆ ಬಂದರೂ ಕೊಡೆ ಮಡಚದೆ ನಿಂತಳು.
ನಾನು ಬಾಯಿ ತೆರೆಯುವ ಮೊದಲೇ ಅಂದಳು:
ಗೊತ್ತು, ಊರು ಕೊಳ್ಳೆ ಹೋಗಿದೆ.
ಆದರೂ ಕೋಟೆಗೆ ಬಾಗಿಲು ಬೇಕು.

ಅದರಲ್ಲಿದ್ದದ್ದು ಹಣವಲ್ಲ.
ಇನ್ನೂರ ಹದಿನಾಲ್ಕು ಹೆಸರು,
ಗಂಡನ ಮನೆಯಿಂದ ಓಡಿ ಬಂದ ಹೆಂಗಸರವು.
ಈಗ ಮಲಗುವ ಬೀದಿ, ಎಷ್ಟನೇ ಮಹಡಿ, ಮಕ್ಕಳ ಶಾಲೆ.
ಒಬ್ಬಳ ಹೆಸರಿನ ಮುಂದೆ ಟಿಪ್ಪಣಿ:
‘ನಾಯಿಗೆ ಅವನ ಗುರುತಿದೆ, ಬೊಗಳುವುದಿಲ್ಲ.’

ಕಳ್ಳ ಸಿಕ್ಕ. ಹದಿನೇಳರ ಹುಡುಗ.
ಎಲ್ಲ ಅಳಿಸಿ ಕಾರ್ ರೇಸಿನ ಆಟ ತುಂಬಿಕೊಂಡಿದ್ದ.
ಅವಳು ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತು ನಕ್ಕಳಂತೆ,
ನಿಲ್ಲಿಸಲಾಗದೆ, ಯಾರೋ ನೀರು ತಂದುಕೊಡುವ ತನಕ.

ಹೊಸ ಯಂತ್ರಕ್ಕೆ ಯಾವ ಬೀಗ?
ಮೈಮೇಲೆ ಗುಂಡಿಗಳಿರುವ ಡಿಸ್ಕ್ ತೋರಿಸಿದೆ:
ಹತ್ತು ಸಲ ತಪ್ಪೊತ್ತಿದರೆ ತನ್ನನ್ನೇ ಅಳಿಸಿಕೊಳ್ಳುತ್ತದೆ.
(ಅದು ಮಾರಿದ್ದರೆ ನನ್ನ ತಿಂಗಳ ಬಾಡಿಗೆ ಹುಟ್ಟುತ್ತಿತ್ತು.)
ನಮ್ಮಲ್ಲಿ ಮಕ್ಕಳು ಬರುತ್ತಾರೆ, ಅಂದಳು,
ಗುಂಡಿ ಕಂಡರೆ ಬಿಡುತ್ತಾರಾ?
ಒಳಗಿಟ್ಟೆ.
ದೂರದ ಕಂಪನಿಯೊಂದರ ಉಗ್ರಾಣ, ತಿಂಗಳಿಗಿಷ್ಟು ಅಂತ.
ಕೀಲಿ ಯಾರ ಹತ್ತಿರ ಇರುತ್ತದೆ?
ಅವರ ಹತ್ತಿರ.
ಅವಳು ಮತ್ತೇನೂ ಕೇಳಲಿಲ್ಲ.

ಉಳಿದದ್ದು ಬಿಟ್ಟಿ ಸಿಗುವ ಪ್ರೋಗ್ರಾಮು,
ಒಳಗಿನ ಸಾಲು ಸಾಲನ್ನೂ ಬೇಕಾದವರು ಓದಬಹುದು.
ಹೊಟ್ಟೆ ಬಗೆದು ತೋರಿಸಿದ ಮೇಲೆ ಅದೆಂಥ ಬೀಗ?
ನೂರು ಕಮ್ಮಾರರು ಬಿಚ್ಚಿ ನೋಡಿ
ಹೇಗೆ ಮಾಡಿದ್ದೆಂದು ಪೂರಾ ತಿಳಿದ ಮೇಲೂ
ಕೀಲಿಯಿಲ್ಲದೆ ತೆರೆಯಲಾಗದ ಬೀಗ, ಅಂದೆ.
ಬಾಯಿಪಾಠದ ಮಾತಾದರೂ
ಹೇಳುವಾಗ ನನಗೇ ನಂಬಿಕೆ ಬಂತು.

ಗುಪ್ತಪದ?
ಮಗಳ ಹೆಸರು, ಹುಟ್ಟಿದ ವರ್ಷ. ಅವಳು ಆಗಲೇ ಒತ್ತತೊಡಗಿದ್ದಳು.
ಕೈ ತಡೆದೆ. ಆ ಇನ್ನೂರ ಹದಿನಾಲ್ಕು ಮಂದಿಯನ್ನು
ಹುಡುಕುತ್ತಿರುವವರು ಯಾರು?
ಹೀಟರಿನ ಸದ್ದು ಮಾತ್ರ ಕೇಳಿಸಿತು.
ಹುಟ್ಟುಹಬ್ಬ ಗೊತ್ತಿರುವವರು, ಅಂದಳು.
ಬೆಕ್ಕಿನ ಹೆಸರು ಗೊತ್ತಿರುವವರು.
ಜ್ವರದಲ್ಲಿ ಏನು ಕನವರಿಸುತ್ತೇವೆಂದು ಗೊತ್ತಿರುವವರು.

ಹಾಗಾದರೆ ನೀನು ಪ್ರೀತಿಸುವ ಯಾವುದೂ ಇದರಲ್ಲಿ ಬರಕೂಡದು.
ದಾಳ ಬೇಕು.

ಪಕ್ಕದ ಚಹಾ ಅಂಗಡಿಯ ಮುದುಕ ವಲೇರಿಯಾನ್
ನಾರ್ದಿ ಆಟದ ಜೋಡಿ ದಾಳ ಹಿಡಿದು ತಾನೇ ಬಂದ,
ಕೊಟ್ಟರೆ ವಾಪಸು ಬರುವುದಿಲ್ಲವೆಂಬ ಅನುಮಾನ.
ಎಡಕ್ಕೆ ಬಿದ್ದದ್ದು ಮೊದಲ ಅಂಕಿ, ಬಲದ್ದು ಎರಡನೆಯದು;
ಐದು ಅಂಕಿಗೆ ಪಟ್ಟಿಯಲ್ಲೊಂದು ಪದ;
ಹದಿನೈದು ಎಸೆತಕ್ಕೆ ಆರು ಪದ.
ಮೊದಲ ಎಸೆತಕ್ಕೇ ಮುದುಕ, ಐವತ್ತು ವರ್ಷದ ಚಟ,
‘ಶೇಶ್-ಬೇಶ್!’ ಎಂದು ಬೀದಿಗೆ ಕೇಳುವಂತೆ ಕೂಗಿದ.
ಅವನನ್ನು ಹೊರಗೆ ಕಳಿಸಿ
ಮತ್ತೆ ಮೊದಲಿಂದ ಎಸೆದಳು.

ನಾನು ಗೋಡೆಯ ಕಡೆ ತಿರುಗಿ ನಿಂತೆ.
ಮರದ ಮೇಲೆ ಮೂಳೆಯ ಸದ್ದು, ಪುಟ ತಿರುವುವ ಸದ್ದು,
ಪೆನ್ಸಿಲು.
ನಾಲ್ಕನೆಯ ಪದಕ್ಕೆ ಫಕ್ಕನೆ ನಕ್ಕಳು.
ಏನೆಂದು ಕೇಳುವ ನಾಲಗೆಯನ್ನು ಕಚ್ಚಿ ಹಿಡಿದೆ.

ಮರೆತರೆ?
ಮರೆತರೆ ನಾನೂ ತೆರೆಯಲಾರೆ. ನನಗೆ ಬಾರದಿರುವುದೇ ಈ ಬೀಗದ ಗುಣ.
ಇನ್ನೊಂದು ಚೀಟಿ ಬರೆದು ಮಡಚಿದಳು,
ಯಾರಿಗೆ ಕೊಡುತ್ತಾಳೋ, ಯಾವ ಕೋಟಿನ ಅಸ್ತರಿಗೆ ಹೊಲಿಯುತ್ತಾಳೋ.

ಸೇತುವೆ ದಾಟುವಾಗ ಅವಳ ತುಟಿ ಆಡುತ್ತಿತ್ತು,
ಆರು ಪದ, ಮತ್ತೆ ಆರು ಪದ,
ಒಂದಕ್ಕೊಂದು ನೆಂಟಸ್ತಿಕೆಯಿಲ್ಲದವು.
ಮೇಣದಬತ್ತಿ ಮಾರುವ ಅಜ್ಜಿ ಪ್ರಾರ್ಥನೆಯೆಂದುಕೊಂಡು
ತಾನೂ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು.